ಮೆಲ್ಬಾಳ ಅಂಗಳದ ಹಗ್ಗ

ಉಡಗಳು ಅನ್ನುವ ನಮ್ಮೂರ ಬೇಸ್‌ಬಾಲ್ ತಂಡದಲ್ಲಿ ಈ ವರ್ಷ ಯಾರ್ಯಾರಿದ್ದಾರೆ ಅನ್ನುವ ಪಟ್ಟಿಯನ್ನು ಜನವರಿಯ ಒಂದು ಭಾನುವಾರ ಬೆಳಿಗ್ಗೆ ಮೈದಾನದ ಬಾಗಿಲಿಗೆ ಅಂಟಿಸುತ್ತಾರೆ. ಅದಕ್ಕೆ ಸಹಿ ಇರುತ್ತದೆ, ಮೊಹರು ಇರುತ್ತದೆ, ಓದುವವರು ಮಾತ್ರ ಇರುವುದಿಲ್ಲ. ಲಾಸ್ ಹಿಕಾರಾಸ್ ಊರಿಗೆ ಊರೇ ಅದನ್ನು ಹಿಂದಿನ ದಿನವೇ ಓದಿ ಮುಗಿಸಿರುತ್ತದೆ. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆಲ್ಲ ಮೆಲ್ಬಾ ಒಬ್ರೆಗೊನ್ ತನ್ನ ಅಂಗಳದ ಹಗ್ಗದ ಮೇಲೆ ಇಪ್ಪತ್ತೈದು ಅಂಗಿಗಳನ್ನು, ಬೆನ್ನಿನ ನಂಬರು ಬೀದಿಗೆ ಕಾಣುವ ಹಾಗೆ, ಸಾಲಾಗಿ ಒಣಹಾಕಿರುತ್ತಾಳೆ. ಯಾರ ನಂಬರು ಹಗ್ಗದ ಮೇಲಿದೆಯೋ ಅವನು ಆಡುತ್ತಾನೆ. ಇಲ್ಲದವನು ಆ ವರ್ಷ ಕಡಲೆ ಕೊಂಡು ಮೆಟ್ಟಿಲ ಮೇಲೆ ಕೂರುತ್ತಾನೆ.

ಇದನ್ನು ಯಾರೂ ಕೂತು ತೀರ್ಮಾನಿಸಿದ್ದಲ್ಲ. ಅಂಗಿಗಳು ಕ್ಲಬ್ಬಿನವು. ಆಟದ ತಿಂಗಳುಗಳು ಮುಗಿದ ಮೇಲೆ ಎಲ್ಲವನ್ನೂ ಮೂಟೆ ಕಟ್ಟಿ ಮೈದಾನದ ಕೋಣೆಯಲ್ಲಿ ಬಿಸಾಡುತ್ತಾರೆ. ಮಳೆಗಾಲ ಕಳೆಯುವ ಹೊತ್ತಿಗೆ ಅವು ಬೂಷ್ಟು ಹಿಡಿದು ನಾರುತ್ತಿರುತ್ತವೆ. ಜನವರಿಯಲ್ಲಿ ಆಯ್ಕೆಯಾದವರ ಅಂಗಿಗಳನ್ನಷ್ಟೇ ಮ್ಯಾನೇಜರು ತೆಗೆದು ಮೆಲ್ಬಾಳ ಮನೆಗೆ ಕಳಿಸುತ್ತಾನೆ. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಶನಿವಾರ ಬಸ್ಸಿನ ಡ್ರೈವರೊಬ್ಬ ಆ ದಾರಿಯಲ್ಲಿ ಹೋಗುತ್ತಾ ಹಗ್ಗ ನೋಡಿ, ನಂಬರು ಓದಿ, ಸಂತೆಯಲ್ಲಿ ಬಾಯಿ ಬಿಟ್ಟ. ಅಷ್ಟೇ. ಮುಂದಿನ ವರ್ಷದಿಂದ ಆ ಶನಿವಾರ ಅವಳ ಎದೆಮಟ್ಟದ ಗೋಡೆಯಾಚೆ ಜನ ನಿಲ್ಲುವುದು ಶುರುವಾಯಿತು. ಈಗಂತೂ ಮಾವಿನಕಾಯಿ ಮಾರುವವಳೂ ಬುಟ್ಟಿ ಹೊತ್ತು ಬಂದುಬಿಡುತ್ತಾಳೆ.

ಮೆಲ್ಬಾಳಿಗೆ ಇದೊಂದು ಹೆಮ್ಮೆಯೇನೂ ಅಲ್ಲ. ಅಂಗಿ ಒಗೆದರೆ ಒಣಹಾಕಬೇಕು, ಒಣಹಾಕಿದರೆ ಕಾಣುತ್ತದೆ, ಅದಕ್ಕೆ ಅವಳೇನು ಮಾಡಬೇಕು? ಆದರೆ ಹಗ್ಗ ಎಷ್ಟು ಗಟ್ಟಿ ಅನ್ನುವುದು ಆರು ವರ್ಷದ ಹಿಂದೆ ಅವಳಿಗೂ ಗೊತ್ತಾಯಿತು. ಆ ವರ್ಷ ಮ್ಯಾನೇಜರು ದೊನ್ ಫಿಲಾದೆಲ್ಫೊ ಎಂಟನೇ ನಂಬರಿನ ಎವೆರ್ತ್‌ನನ್ನು ಕೈಬಿಟ್ಟಿದ್ದ. ಆದರೆ ಅವನ ಅಂಗಿ ಮೂಟೆಯ ತಳಕ್ಕೆ ಅಂಟಿಕೊಂಡು ಹೇಗೋ ಜೊತೆಗೆ ಬಂದುಬಿಟ್ಟಿತು. ಮೆಲ್ಬಾ ಎಣಿಸಲಿಲ್ಲ. ಒಗೆದಳು, ಒಣಹಾಕಿದಳು. ಸಂಜೆಯೊಳಗೆ ಎವೆರ್ತ್‌ನ ತಾಯಿ ಸಾಕಿದ ಹಂದಿ ಕೊಯ್ಯಿಸಿ, ಮಾರನೆಯ ದಿನ ಬೆಳಿಗ್ಗೆ ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ನಕತಮಾಲ್‌ಗಳನ್ನು ತಂಡದ ಪ್ರತಿಯೊಬ್ಬರ ಮನೆಗೂ ಹಂಚಿಸಿದಳು. ದೊನ್ ಫಿಲಾದೆಲ್ಫೊ ಎರಡು ನಕತಮಾಲ್ ಮುಗಿಸಿ ಮೂರನೆಯದನ್ನು ಬಿಚ್ಚುವಾಗ, ಇದೇನು ವಿಶೇಷ ಅಂತ ಕೇಳಿದ. ಉತ್ತರ ಕೇಳಿದ ಮೇಲೆ ಬಾಯಲ್ಲಿದ್ದದ್ದನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಎವೆರ್ತ್ ತಂಡದಲ್ಲೇ ಉಳಿದ. ಜಾಗ ಮಾಡಲು ಫಿಲಾದೆಲ್ಫೊ ತನ್ನ ಸ್ವಂತ ತಂಗಿಯ ಮಗನನ್ನೇ ತೆಗೆದ. ಆ ತಂಗಿ ಇವತ್ತಿಗೂ ಅವನ ಜೊತೆ ಮಾತಾಡುವುದಿಲ್ಲ. ಎವೆರ್ತ್ ಮಾತ್ರ ಆ ವರ್ಷ ಕೊನೆಯ ಪಂದ್ಯ ಗೆಲ್ಲಿಸಿಕೊಟ್ಟು, ಹಗ್ಗಕ್ಕೆ ಮ್ಯಾನೇಜರನಿಗಿಂತ ಹೆಚ್ಚು ಗೊತ್ತು ಅನ್ನುವ ಮಾತು ಊರಲ್ಲಿ ಉಳಿಯುವಂತೆ ಮಾಡಿದ.

ಮೆಲ್ಬಾಳಿಗೆ ಈಗ ಐವತ್ತೇಳು. ತಾಯಿ ಸತ್ತಾಗ ಅವಳಿಗೆ ಇಪ್ಪತ್ತೊಂದು, ತಮ್ಮ ದಾಗೊಬೆರ್ತೊಗೆ ಮೂರು. ಅವರಿವರ ಬಟ್ಟೆ ಒಗೆದೇ ಅವನನ್ನು ಸಾಕಿದಳು. ನಡುವೆ ಮದುವೆಯೂ ಆಯಿತು. ಗಂಡ ಕಬ್ಬು ಕಡಿಯಲು ಕೋಸ್ಟರಿಕಾಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಒಂದು ವಾರ ಅತ್ತಳು, ಎಂಟನೆಯ ದಿನ ಅವನ ಪ್ಯಾಂಟುಗಳನ್ನು ಕತ್ತರಿಸಿ ಒರೆಸುವ ಬಟ್ಟೆ ಮಾಡಿಕೊಂಡಳು. ಆಮೇಲೆ ಅವಳ ಬಾಯಲ್ಲಿ ಅವನ ಹೆಸರು ಬಂದದ್ದನ್ನು ಯಾರೂ ಕೇಳಿಲ್ಲ. ಅವಳಿಗೆ ಇದ್ದವನು ದಾಗೊ ಒಬ್ಬನೇ. ಸರೋವರದ ದಂಡೆಯಲ್ಲಿ ಎಡಗೈಯಲ್ಲಿ ಕಲ್ಲು ಎಸೆಯುತ್ತಿದ್ದ ಹುಡುಗ ಇಪ್ಪತ್ತೆರಡಕ್ಕೆ ಉಡಗಳ ತಂಡ ಸೇರಿದ. ಆವತ್ತಿನಿಂದ ಹದಿನೇಳು ವರ್ಷ ಹತ್ತೊಂಬತ್ತನೇ ನಂಬರು ಅವನದೇ. ಹಗಲು ಶಾಲೆಯ ಕಾವಲುಗಾರ. ಆದರೆ ಶಾಲೆಯ ಮಕ್ಕಳೂ ಅವನನ್ನು ಕರೆಯುವುದು ಎಡಗೈ ಅಂತಲೇ. ನಮ್ಮ ತಂಡದಲ್ಲಿ ಎಡಗೈಯಲ್ಲಿ ಎಸೆಯುವವನು ಅವನೊಬ್ಬನೇ.

ಹದಿನೇಳು ವರ್ಷವೂ ಮೆಲ್ಬಾ ಅವನಿಗೆ ಒಂದೇ ವಿಷಯಕ್ಕೆ ಬೈದಿದ್ದಾಳೆ, ಗುಂಡಿಗೆ. ಆಟ ಮುಗಿದ ಮೇಲೆ ಅವನು ಮೇಲಿನ ಎರಡು ಗುಂಡಿ ಮಾತ್ರ ಬಿಚ್ಚಿ, ಎರಡೂ ಕೈ ಎತ್ತಿ, ಅಂಗಿಯನ್ನು ತಲೆಯ ಮೇಲಿಂದ ಎಳೆದು ಬಿಸಾಡುತ್ತಿದ್ದ. ಕೆಳಗಿನ ನಾಲ್ಕು ಗುಂಡಿ ಹಾಕಿದ್ದು ಹಾಕಿದ ಹಾಗೇ ಪ್ರತಿ ಸೋಮವಾರ ಅವಳ ಒಗೆಯುವ ಬುಟ್ಟಿಗೆ ಬರುತ್ತಿತ್ತು. ಒದ್ದೆ ಬಟ್ಟೆಯ ಗುಂಡಿ ಬಿಚ್ಚುವುದೆಂದರೆ ಉಗುರು ಕಿತ್ತುಬರುವ ಕೆಲಸ. ಬೈದು ಬೈದು ಅವಳಿಗೆ ಸಾಕಾಗಿತ್ತು, ಅವನು ನಕ್ಕು ಸುಮ್ಮನಾಗುತ್ತಿದ್ದ. ಹೋದ ವರ್ಷದ ಆಟ ಮುಗಿಯಲು ಇನ್ನೂ ಎರಡು ತಿಂಗಳಿರುವಾಗ, ಒಂದು ಸೋಮವಾರ, ಹತ್ತೊಂಬತ್ತರ ಗುಂಡಿಗಳೆಲ್ಲ ಬಿಚ್ಚಿಕೊಂಡೇ ಬಂದವು. ಅಂತೂ ಬುದ್ಧಿ ಬಂತಲ್ಲ ಅಂದುಕೊಂಡಳು. ಮುಂದಿನ ಸೋಮವಾರವೂ ಹಾಗೇ. ಮೂರನೆಯ ಸೋಮವಾರ ಅಂಗಿಯ ಎಡ ತೋಳು ಒಳಮೈ ಹೊರಗಾಗಿ ಬಂದಿತ್ತು. ಇನ್ನೊಂದು ಕೈಯಿಂದ ಹಿಡಿದು, ಮೆಲ್ಲಗೆ, ಸುಲಿದ ಹಾಗೆ ತೆಗೆದ ತೋಳು. ಒಗೆಯುವ ಕಲ್ಲಿನ ಮೇಲೆ ಅದನ್ನು ಹರಡಿದಾಗ ಅವಳಿಗೆ ಹೊಳೆಯಿತು. ಅವನಿಗೆ ಕೈ ಎತ್ತಲು ಆಗುತ್ತಿಲ್ಲ.

ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಆ ಎರಡು ತಿಂಗಳು ಅವನು ಸೊಂಟದ ಮಟ್ಟದಿಂದ ಅಡ್ಡಡ್ಡ ಎಸೆದು ಹೇಗೋ ಕಾಲ ತಳ್ಳಿದ. ಹೊಸ ವರಸೆ ಕಲಿತಿದ್ದಾನೆ ಅಂತ ಕೆಲವರು ಹೊಗಳಿದರು ಕೂಡ. ಮಳೆಗಾಲದ ವಿಶ್ರಾಂತಿಯಲ್ಲಿ ವಾಸಿಯಾಗುತ್ತದೆ ಅಂತ ಮೆಲ್ಬಾ ತನಗೆ ತಾನೇ ಹೇಳಿಕೊಂಡಳು.

ಜನವರಿ ಬಂತು, ಸರೋವರದ ಕಡೆಯಿಂದ ಒಣಗಾಳಿ ಬೀಸತೊಡಗಿತು, ಅದರ ಜೊತೆಗೇ ವಾದವೂ ಶುರುವಾಯಿತು. ಇಡೀ ನಿಕರಾಗುವಾದಲ್ಲಿ ಈ ತಿಂಗಳು ಯಾರಿಗೂ ತಂಡದ್ದಲ್ಲದೆ ಬೇರೆ ಮಾತಿಲ್ಲ ಬಿಡಿ, ಆದರೆ ನಮ್ಮೂರಿನವರದು ಸ್ವಲ್ಪ ಹೆಚ್ಚೇ. ಮೆಲ್ಬಾಳ ಗೋಡೆಯ ಹೊರಗೆ ಒಂದು ಚಿಲಮಾತೆ ಮರವಿದೆ, ಒಳ್ಳೆ ನೆರಳು. ಕ್ಷೌರದ ಲಿಸಿಮಾಕೊ ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಅಲ್ಲಿಗೆ ಬರುತ್ತಿದ್ದ, ಗಿರಾಕಿಯೂ ಕತ್ತಿಗೆ ಬಟ್ಟೆ ಕಟ್ಟಿಕೊಂಡೇ ಹಿಂದೆ ಬರುತ್ತಿದ್ದ. ಎದುರು ಪಕ್ಷ ಮಾಂಸದಂಗಡಿಯ ಪಾಸ್ತೊರ್‌ನದು. ಇಪ್ಪತ್ತನಾಲ್ಕು ಜನರ ಬಗ್ಗೆ ಇಬ್ಬರಿಗೂ ಸುಮಾರಾಗಿ ಒಪ್ಪಿಗೆ ಇತ್ತು. ಜಗಳವೆಲ್ಲ ಇಪ್ಪತ್ತೈದನೆಯವನ ಬಗ್ಗೆ. ದಾಗೊ ಇರಬೇಕೋ, ಅಥವಾ ಗಾರೆ ಕೆಲಸದ ನೋರ್ವಿನ್ ಬರಬೇಕೋ?

ಲಿಸಿಮಾಕೊನ ಲೆಕ್ಕ ಸರಳವಾಗಿತ್ತು. ಪಕ್ಕದೂರು ತೆಂಪಿಸ್ಕೆಯವರ ತಂಡದಲ್ಲಿ ಎಡಗೈಯಲ್ಲಿ ಬ್ಯಾಟು ಬೀಸುವವರು ನಾಲ್ವರಿದ್ದಾರೆ. ಅವರನ್ನು ಕಟ್ಟಿಹಾಕಬೇಕಾದರೆ ಎಡಗೈ ಎಸೆತವೇ ಬೇಕು. ಹದಿನೇಳು ವರ್ಷದಲ್ಲಿ ದಾಗೊ ತೆಂಪಿಸ್ಕೆಯವರಿಗೆ ಎಷ್ಟು ಸಲ ಮಣ್ಣು ಮುಕ್ಕಿಸಿದ್ದಾನೆ ಅನ್ನುವುದನ್ನು ಅವನು ಬೆರಳು ಮಡಚಿ ಎಣಿಸುತ್ತಿದ್ದ, ಬೆರಳು ಸಾಲದಾದಾಗ ಗಿರಾಕಿಯ ಬೆರಳನ್ನೂ ಸೇರಿಸಿಕೊಳ್ಳುತ್ತಿದ್ದ. ಪಾಸ್ತೊರ್ ಅದಕ್ಕೆಲ್ಲ ಸೊಪ್ಪು ಹಾಕುವವನಲ್ಲ. ನೋರ್ವಿನ್‌ಗೆ ಇಪ್ಪತ್ತೊಂಬತ್ತು, ಬಲಗೈ, ಇಟ್ಟಿಗೆ ಹೊತ್ತು ಗಟ್ಟಿಯಾದ ಹೆಗಲು, ಮೂರು ವರ್ಷದಿಂದ ಬಾಗಿಲು ತಟ್ಟುತ್ತಿದ್ದಾನೆ, ಇನ್ನು ಎಷ್ಟು ಕಾಯಿಸುತ್ತೀರಿ ಅನ್ನುವುದು ಅವನ ಪ್ರಶ್ನೆ.

"ನಿನ್ನ ಎಡಗೈಯವನು ಎಸೆದ ಚೆಂಡು ಈ ತುದಿಯಿಂದ ಆ ತುದಿಗೆ ತಲುಪೋಷ್ಟರಲ್ಲಿ ನಾನೊಂದು ಹಂದಿ ಕೊಯ್ದು ಕೈ ತೊಳ್ಕೊಂಡಿರ್ತೀನಿ ಕಣೋ" ಅಂದ ಒಂದು ದಿನ.

"ನೀನು ಕೊಯ್ಯೋ ಹಂದಿ ಅಷ್ಟರಲ್ಲಿ ಮುದಿಯಾಗೇ ಸತ್ತಿರುತ್ತೆ, ನಿನ್ನ ಅಂಗಡಿ ಮಾಂಸ ತಿಂದೋರಿಗೆ ಗೊತ್ತು" ಅಂದ ಲಿಸಿಮಾಕೊ.

ಎಲ್ಲರೂ ನಕ್ಕರು. ಆಮೇಲೆ ಯಾರೋ ಒಬ್ಬರು ಗೋಡೆಯ ಮೇಲೆ ಬಗ್ಗಿ, ದೊನ್ಯಾ ಮೆಲ್ಬಾ, ನಿಮ್ಮ ತಮ್ಮನ ತೋಳು ಹೇಗಿದೆ, ನೀವೇ ಹೇಳಿಬಿಡಿ ಅಂತ ಕೇಳಿದರು.

"ನಾನು ಅಂಗಿ ಒಗೀತೀನಿ. ತೋಳು ಒಗೆಯಲ್ಲ" ಅಂದಳು ಮೆಲ್ಬಾ, ತಲೆ ಎತ್ತದೆ.

ಎಲ್ಲರೂ ಮತ್ತೆ ನಕ್ಕರು. ನಗದೆ ನಿಂತವನು ಒಬ್ಬನೇ, ಹಿಂದೆ, ಮರದ ಬೊಡ್ಡೆಗೆ ಒರಗಿ, ಸಿಮೆಂಟು ಮೆತ್ತಿದ ಬೂಟು ಹಾಕಿಕೊಂಡಿದ್ದ ನೋರ್ವಿನ್. ಅವನು ವಾದಕ್ಕೆ ಬರುತ್ತಿದ್ದ, ಆದರೆ ಬಾಯಿ ಬಿಡುತ್ತಿರಲಿಲ್ಲ. ಅವನನ್ನು ಮೆಲ್ಬಾ ಚೆನ್ನಾಗಿ ಬಲ್ಲಳು. ಹಿಂದಿನ ಮಳೆಗಾಲದಲ್ಲಿ ಅವಳ ಒಗೆಯುವ ಕಲ್ಲು ಬಿರುಕುಬಿಟ್ಟಾಗ ಬಂದು ಸರಿಮಾಡಿಕೊಟ್ಟವನು ಅವನೇ. ಅದಕ್ಕಿಂತ ಹೆಚ್ಚಾಗಿ ಅವಳಿಗೆ ನೆನಪಿದ್ದದ್ದು ಮೂರು ವರ್ಷದ ಮೂರು ಶನಿವಾರಗಳು. ನೋರ್ವಿನ್ ಹಗ್ಗವನ್ನು ಎರಡು ಸಲ ಓದುತ್ತಿದ್ದ, ಒಂದು ಸಲ ಎಡದಿಂದ, ಒಂದು ಸಲ ಬಲದಿಂದ. ಆಮೇಲೆ ಅವಳಿಗೆ ಟೋಪಿ ಎತ್ತಿ ವಂದಿಸಿ ಕೆಲಸಕ್ಕೆ ಹೋಗುತ್ತಿದ್ದ.

ಗುರುವಾರ ಮಧ್ಯಾಹ್ನ ದೊನ್ ಫಿಲಾದೆಲ್ಫೊ ಮೂಟೆಯನ್ನು ತಾನೇ ಹೊತ್ತು ತಂದ. ಯಾವತ್ತೂ ಯಾರನ್ನಾದರೂ ಕಳಿಸುತ್ತಿದ್ದವನು ತಾನೇ ಬಂದಾಗಲೇ ಮೆಲ್ಬಾಳಿಗೆ ಏನೋ ಎಡವಟ್ಟು ಇದೆ ಅನ್ನಿಸಿತು. ಎವೆರ್ತ್‌ನ ಎಂಟನೇ ನಂಬರಿನ ಅವಾಂತರದ ಮೇಲೆ ಅವಳು ಎಣಿಸದೆ ಮೂಟೆ ಇಳಿಸಿಕೊಳ್ಳುವುದಿಲ್ಲ. ಎಣಿಸಿದಳು. ಇಪ್ಪತ್ತಾರು. ಮೇಲುಗಡೆ ಮಡಚಿಟ್ಟಿದ್ದವು ಹತ್ತೊಂಬತ್ತು ಮತ್ತು ಮೂವತ್ತೊಂದು. ಮೂವತ್ತೊಂದು ನೋರ್ವಿನ್‌ಗೆ ಅಂತ ತೆಗೆದಿಟ್ಟ ನಂಬರು.

"ಒಂದು ಹೆಚ್ಚಿದೆ, ದೊನ್ ಫಿಲಾದೆಲ್ಫೊ."

"ಗೊತ್ತು." ಅವನು ಟೋಪಿ ತೆಗೆದು ಅದರೊಳಗೆ ನೋಡಿಕೊಂಡ. "ದಾಗೊ ಅಭ್ಯಾಸಕ್ಕೆ ಬರ್ತಾನೆ, ಓಡ್ತಾನೆ, ಎಲ್ಲ ಮಾಡ್ತಾನೆ. ಎಸೆಯೋಕೆ ಹೇಳಿದ್ರೆ, ಇನ್ನೂ ಟೈಮಿದೆ, ಮೈ ಬಿಸಿಯಾಗಲಿ ಅಂತಾನೆ. ಹದಿನೇಳು ವರ್ಷ ನನಗೋಸ್ಕರ ಎಸೆದವನನ್ನ ನಾನು ಹೇಗೆ ಪರೀಕ್ಷೆ ಮಾಡ್ಲಿ? ನಿಮಗೆ ಗೊತ್ತಿರುತ್ತೆ ದೊನ್ಯಾ ಮೆಲ್ಬಾ. ಅವನು ಸರಿಯಿದ್ರೆ ಹತ್ತೊಂಬತ್ತು ಹಾಕಿ. ಇಲ್ಲದಿದ್ರೆ ಇನ್ನೊಂದು ಹಾಕಿ. ಶನಿವಾರ ಹಗ್ಗದ ಮೇಲೆ ಏನಿರುತ್ತೋ ಅದನ್ನೇ ನಾನು ಬರೆದುಕೊಡ್ತೀನಿ."

"ನಿಮ್ಮ ಕೆಲಸ ನನ್ನ ತಲೆಗೆ ಕಟ್ತಿದ್ದೀರಿ."

"ಹೌದು" ಅಂದ ಫಿಲಾದೆಲ್ಫೊ. ಒಳ್ಳೆಯ ಮನುಷ್ಯ, ಆದರೆ ಪುಕ್ಕಲ. ಅವಳು ಕೊಟ್ಟ ಕಾಫಿಯನ್ನೂ ಅರ್ಧಕ್ಕೇ ಬಿಟ್ಟು ಎದ್ದು ಹೋದ.

ಶುಕ್ರವಾರವೆಲ್ಲ ಅವಳು ಅಂಗಿಗಳನ್ನು ನೆನೆಸುವುದು, ತಿಕ್ಕುವುದು, ನೀಲಿ ಹಾಕುವುದರಲ್ಲೇ ಇದ್ದಳು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ತಲೆ ಮಾತ್ರ ಆ ಎರಡು ಅಂಗಿಗಳ ನಡುವೆ ಓಡಾಡುತ್ತಿತ್ತು. ನಾಲ್ಕು ಗಂಟೆಗೆ, ಶಾಲೆ ಬಿಟ್ಟ ಮೇಲೆ, ದಾಗೊ ಬಂದ. ಎಂದಿನ ಹಾಗೆ ಬಾಗಿಲಲ್ಲೇ ಕಾಫಿ ಕೇಳಿದ. ಮೆಲ್ಬಾ ಒಲೆಯ ಮುಂದೆ ಕೂತು, ಮೇಲಿನ ಗೂಡಿನಿಂದ ಸಕ್ಕರೆ ಡಬ್ಬಿ ತೆಗೆದುಕೊಡು ಅಂದಳು. ಅವನು ಬಲಗೈ ಎತ್ತಿದ.

"ಎಡಗೈಲಿ ತೆಗಿ" ಅಂದಳು.

ಅವನ ಬಲಗೈ ಡಬ್ಬಿಯ ಮೇಲೇ ಇತ್ತು.

"ಯಾವಾಗಿಂದ ಗೊತ್ತು ನಿನಗೆ?" ಅಂದ ಕೊನೆಗೆ.

"ನಿನ್ನ ಗುಂಡಿ ಬಿಚ್ಚೋ ಕೆಲಸ ತಪ್ಪಿದಾಗಿಂದ."

ಅವನಿಗೆ ನಗು ಬಂತು, ಆಮೇಲೆ ನಗು ಹೋಯಿತು. ಡಬ್ಬಿ ಇಳಿಸಿ, ಮೆಟ್ಟಿಲ ಮೇಲೆ ಕೂತು, ಎಲ್ಲ ಹೇಳಿದ. ಕಿವಿಯ ಮಟ್ಟಕ್ಕಿಂತ ಮೇಲೆ ತೋಳು ಹೋಗುವುದಿಲ್ಲ. ಆರೋಗ್ಯ ಕೇಂದ್ರದ ಡಾಕ್ಟರು ಒಳಗೆ ಹರಿದಿದೆ, ಇನ್ನು ಎಸೆಯುವುದು ಬಿಡು ಅಂದಿದ್ದಾರೆ. ಹೆಂಡತಿಗೂ ಹೇಳಿಲ್ಲ. ಮೆಲ್ಬಾಳಿಗೆ ಸಿಟ್ಟು ನೆತ್ತಿಗೇರಿತು. ಮೂರು ವರ್ಷದ ಮಗುವಿನಿಂದ ಸಾಕಿದವಳಿಗೇ ಮುಚ್ಚಿಟ್ಟೆಯಲ್ಲ ಅಂತ ಬಾಯಿಗೆ ಬಂದ ಹಾಗೆ ಬೈದಳು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಬೈಗುಳ ಮುಗಿದ ಮೇಲೆ ಅವಳು ಫಿಲಾದೆಲ್ಫೊ ಬಂದದ್ದನ್ನೂ ಎರಡು ಅಂಗಿ ಬಿಟ್ಟುಹೋದದ್ದನ್ನೂ ಹೇಳಿದಳು.

ದಾಗೊ ಬಕೆಟ್ಟಿನಲ್ಲಿ ನೆನೆಯುತ್ತಿದ್ದ ಅಂಗಿಗಳನ್ನೇ ನೋಡಿದ.

"ಹಾಗಿದ್ರೆ ಹತ್ತೊಂಬತ್ತೇ ಹಾಕು ಅಕ್ಕ" ಅಂದ. "ಒಂದೇ ಒಂದು ವರ್ಷ. ಎಸೆಯೋ ಸರದಿ ಬರದ ಹಾಗೆ ನಾನು ನೋಡ್ಕೋತೀನಿ. ಸುಮ್ಮನೆ ಆ ಬೆಂಚಿನ ಮೇಲೆ ಕೂತಿರ್ತೀನಿ. ಅದಿಲ್ಲದಿದ್ರೆ ನಾನು ಯಾರು ಹೇಳು? ಶಾಲೆ ಗೇಟು ತೆಗೆಯೋನು."

ಅವಳು ಕಾಫಿಗೆ ಸಕ್ಕರೆ ಹಾಕಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕಲಕಿ, ಕೊಟ್ಟಳು. ಅವನು ಎಡಗೈಯಲ್ಲಿ ಲೋಟ ಹಿಡಿದು ಕುಡಿದ. ಅಷ್ಟು ಮಟ್ಟಕ್ಕೆ ಆ ಕೈ ಇನ್ನೂ ಬರುತ್ತಿತ್ತು.

ಶನಿವಾರ ಬೆಳಿಗ್ಗೆ ಗಾಳಿ ಚೆನ್ನಾಗಿತ್ತು. ಎಂಟು ಗಂಟೆಗೇ ಮರದ ಕೆಳಗೆ ಜನ ಸೇರಿದ್ದರು. ಮೆಲ್ಬಾ ಎಲ್ಲವನ್ನೂ ಇನ್ನೊಂದು ಸಲ ಜಾಲಾಡಿ, ಹಿಂಡಿ, ಒಂದರಿಂದ ಶುರುಮಾಡಿ ನಂಬರಿನ ಕ್ರಮದಲ್ಲೇ ಒಣಹಾಕತೊಡಗಿದಳು. ಒಂದೊಂದು ಅಂಗಿ ಹಗ್ಗಕ್ಕೇರಿದಾಗಲೂ ಗೋಡೆಯಾಚೆ ಗುಸುಗುಸು. ನಾಲ್ಕು ಬಂತು, ಕ್ಯಾಚರ್ ಉಳಿದ. ಎಂಟು ಬಂತು, ಎವೆರ್ತ್‌ನ ತಾಯಿ ಶಿಲುಬೆ ಗುರುತು ಮಾಡಿಕೊಂಡಳು. ಹದಿನೆಂಟಾದ ಮೇಲೆ ಮೆಲ್ಬಾ ಹತ್ತೊಂಬತ್ತರ ಜಾಗ ಖಾಲಿ ಬಿಟ್ಟು ಇಪ್ಪತ್ತಕ್ಕೆ ಹೋದಳು. ಗೋಡೆಯಾಚೆ ಕತ್ತುಗಳು ಉದ್ದವಾದವು. ಕೊನೆಯವರೆಗೂ ಒಣಹಾಕಿ, ಮೂವತ್ತೊಂದರ ಜಾಗವನ್ನೂ ಖಾಲಿ ಬಿಟ್ಟಾಗ ಎಲ್ಲರಿಗೂ ಅರ್ಥವಾಯಿತು, ಬುಟ್ಟಿಯಲ್ಲಿ ಇನ್ನೂ ಇದೆ, ಅಲ್ಲಿರುವುದು ಯಾವುದು ಅನ್ನುವುದಷ್ಟೇ ಪ್ರಶ್ನೆ.

ಬುಟ್ಟಿಯಲ್ಲಿ ಎರಡೂ ಇದ್ದವು. ಮೆಲ್ಬಾ ಬಗ್ಗಿದಳು. ಜನರ ಹಿಂದೆ ನೋರ್ವಿನ್ ಹಗ್ಗವನ್ನು ಬಲದಿಂದ ಎಡಕ್ಕೆ ಓದುತ್ತಿದ್ದುದು ಅವಳಿಗೆ ಕಂಡಿತು. ಇನ್ನೂ ಹಿಂದೆ, ಬೀದಿಯ ಆ ಬದಿಯಲ್ಲಿ, ದಾಗೊ ನಿಂತಿದ್ದ. ಅವಳು ತಮ್ಮನನ್ನು ನೋಡಿದಳು. ಹೆಗಲು ಇಳಿಬಿಟ್ಟು ನಿಂತ ಅವನು ಆ ಕ್ಷಣಕ್ಕೆ ಅವಳಿಗೆ ಮುಟ್ಟಿದರೆ ಅಳುವ ಹುಡುಗನ ಹಾಗೆ ಕಂಡ. ಇಷ್ಟು ವರ್ಷ ಹಗ್ಗ ಒಂದು ಸುಳ್ಳೂ ಹೇಳಿರಲಿಲ್ಲ, ಎಂಟರದ್ದು ತಪ್ಪಾಗಿತ್ತೇ ಹೊರತು ಸುಳ್ಳಾಗಿರಲಿಲ್ಲ. ಅವಳಿಗೆ ಅದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಹತ್ತೊಂಬತ್ತನ್ನು ಎತ್ತಿಕೊಂಡಳು.

ಒದ್ದೆ ಅಂಗಿಯ ನೀರು ಮೊಣಕೈವರೆಗೂ ಇಳಿಯಿತು. ಬಾಯಲ್ಲಿ ಕಚ್ಚಿಕೊಂಡಿದ್ದ ಎರಡು ಕ್ಲಿಪ್ಪಿನಲ್ಲಿ ಒಂದನ್ನು ತೆಗೆದು, ಹದಿನೆಂಟು ಮತ್ತು ಇಪ್ಪತ್ತರ ನಡುವೆ ಒಂದು ಹೆಗಲಿಗೆ ಸಿಕ್ಕಿಸಿದಳು. ನಂಬರು ಅರ್ಧ ಕಂಡಿತು. ಅಷ್ಟಕ್ಕೇ ಲಿಸಿಮಾಕೊನ ಕಡೆಯವರು ಚಪ್ಪಾಳೆ ತಟ್ಟಿದರು. ಪಾಸ್ತೊರ್ ನೆಲಕ್ಕೆ ಉಗಿದ. ನೋರ್ವಿನ್ ಟೋಪಿಯನ್ನು ಸ್ವಲ್ಪ ಎತ್ತಿ ಅವಳಿಗೆ ವಂದಿಸಿದ. ಅದನ್ನು ನೋಡಿ ಮೆಲ್ಬಾಳ ಕೈ ಎರಡನೆಯ ಕ್ಲಿಪ್ಪಿನ ಮೇಲೆ ನಿಂತುಬಿಟ್ಟಿತು.

"ಅಕ್ಕ, ಅದನ್ನ ತೆಗಿ."

ದಾಗೊ ಗೇಟು ದಾಟಿ ಒಳಗೆ ಬಂದಿದ್ದ. ಅವಳು ಕದಲಲಿಲ್ಲ. ಅವನು ಪಕ್ಕಕ್ಕೆ ಬಂದು, ಊರೆಲ್ಲ ನೋಡುತ್ತಿರುವಾಗಲೇ, ತಾನೇ ತೆಗೆಯಲು ಕೈ ಎತ್ತಿದ. ಎಡಗೈ. ಬಲಗೈ ಖಾಲಿಯಾಗಿಯೇ ಇತ್ತು, ಅದನ್ನು ಎತ್ತಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಅವನು ಎಡಗೈಯನ್ನೇ ಎತ್ತಿದ. ಅದು ಕಿವಿಯ ಮಟ್ಟಕ್ಕೆ ಬಂದು ನಿಂತಿತು. ಇನ್ನೊಮ್ಮೆ ಎತ್ತಿದ. ಮುಖ ಕಿವುಚಿಕೊಂಡಿತು, ಕೈ ಅಲ್ಲೇ ನಿಂತಿತು. ಹಗ್ಗ ಅದಕ್ಕಿಂತ ಒಂದು ಗೇಣು ಮೇಲಿತ್ತು. ಬೆರಳು ಮಡಚಿ ಗೆಲುವು ಎಣಿಸುತ್ತಿದ್ದ ಲಿಸಿಮಾಕೊ ಮುಖ ಬೇರೆ ಕಡೆ ತಿರುಗಿಸಿದ.

ಮೆಲ್ಬಾಳಿಗೆ ಅಳು ಉಕ್ಕಿ ಬಂತು. ಅಳುತ್ತಲೇ ಅವಳು ಹಗ್ಗದ ನಡುವೆ ಆಸರೆಯಾಗಿ ನಿಲ್ಲಿಸಿದ್ದ ಕವೆಗೋಲಿನ ಹತ್ತಿರ ಹೋದಳು. ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಓರೆಮಾಡಿದಳು. ಇಪ್ಪತ್ತನಾಲ್ಕು ಅಂಗಿಗಳು ಮತ್ತು ಅರ್ಧ ಸಿಕ್ಕಿಸಿದ ಹತ್ತೊಂಬತ್ತರ ಸಮೇತ ಹಗ್ಗ ಮೆಲ್ಲಗೆ ಕೆಳಗಿಳಿದು, ತಮ್ಮನ ಎದೆಯ ಮಟ್ಟಕ್ಕೆ ಬಂದು ನಿಂತಿತು.

ಅವನು ಹತ್ತೊಂಬತ್ತರ ಕ್ಲಿಪ್ಪು ಬಿಚ್ಚಿದ. ಅಂಗಿಯನ್ನು ಬುಟ್ಟಿಗೆ ಹಾಕಿ ಮೂವತ್ತೊಂದನ್ನು ತೆಗೆದುಕೊಂಡು, ಹಗ್ಗದ ಉದ್ದಕ್ಕೂ ನಡೆದು, ಅದರ ಜಾಗಕ್ಕೆ ಹೋಗಿ, ಎರಡೂ ಹೆಗಲಿಗೆ ಕ್ಲಿಪ್ಪು ಹಾಕಿದ. ಮಡಿಕೆ ಬಿದ್ದ ಕಾಲರನ್ನು ಎಳೆದು ಸರಿಮಾಡಿದ. ಬಟ್ಟೆ ಒಣಹಾಕಿ ಅಭ್ಯಾಸವಿಲ್ಲದವನು, ನಂಬರನ್ನು ಒಳಗಡೆಗೆ ಹಾಕಿಬಿಟ್ಟಿದ್ದ. ಮೆಲ್ಬಾ ಅಲ್ಲಿಂದಲೇ ತಿರುಗಿಸು ಅಂದಳು. ತಿರುಗಿಸಿದ. ಅವಳು ಕೋಲನ್ನು ನೆಟ್ಟಗೆ ಮಾಡಿದಳು, ಹಗ್ಗ ಮೇಲೇರಿತು, ಇಪ್ಪತ್ತೈದು ಅಂಗಿಗಳಿಗೂ ಗಾಳಿ ತುಂಬಿತು.

ನೋರ್ವಿನ್ ಎಡದಿಂದ ಒಂದು ಸಲ, ಬಲದಿಂದ ಒಂದು ಸಲ ಓದಿದ. ಆಮೇಲೆ ಅಲ್ಲೇ ಮರದ ಬೇರಿನ ಮೇಲೆ ಕೂತುಬಿಟ್ಟ. ಯಾರೂ ಅವನ ಬೆನ್ನು ತಟ್ಟಲಿಲ್ಲ, ಹೇಗೆ ತಟ್ಟುವುದು ಅಂತ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಪಾಸ್ತೊರ್ ಗಂಟಲು ಸರಿಮಾಡಿಕೊಂಡು, ಹಾಗಾದರೆ ತೆಂಪಿಸ್ಕೆಯ ಆ ನಾಲ್ವರಿಗೆ ಏನು ಮಾಡುವುದು ಅಂತ ಲಿಸಿಮಾಕೊನನ್ನು ಕೇಳಿದ. ಗೆದ್ದವನು ಕೇಳುವ ಧಾಟಿಯಲ್ಲಿ ಕೇಳಲಿಲ್ಲ. ಲಿಸಿಮಾಕೊ ಏನೋ ಗೊಣಗಿದ. ಇನ್ನೊಬ್ಬ ಅದಕ್ಕೆ ಅಡ್ಡ ಮಾತಾಡಿದ. ಹತ್ತು ನಿಮಿಷದಲ್ಲಿ ವಾದ ಮತ್ತೆ ಮೊದಲಿನ ಹಾಗೇ ಏರಿತು, ಗೋಡೆಯ ಮೇಲೆ ಮೊಣಕೈಯೂರಿದ ದಾಗೊನನ್ನೇ ಆ ನಾಲ್ವರ ಹುಳುಕೇನು ಅಂತ ಎರಡೂ ಕಡೆಯವರು ಕೇಳತೊಡಗಿದರು.

ಮೆಲ್ಬಾ ಬುಟ್ಟಿ ಎತ್ತಿಕೊಂಡಾಗ ಅದರ ತಳದಲ್ಲಿ ಹತ್ತೊಂಬತ್ತು ಹಾಗೇ ಇತ್ತು. ಹಗ್ಗದ ತುದಿಯಲ್ಲಿ ಬೇಕಾದಷ್ಟು ಜಾಗವಿತ್ತು, ಬಿಸಿಲೂ ಇತ್ತು. ಅಲ್ಲಿ ಹಾಕುವ ಹಾಗಿರಲಿಲ್ಲ, ಹಾಕಿದರೆ ಊರು ಓದುತ್ತದೆ. ಒಳಗೆ ಒಯ್ದು, ಇನ್ನೊಮ್ಮೆ ಹಿಂಡಿ, ಅಡುಗೆಮನೆಯ ಕುರ್ಚಿಯ ಬೆನ್ನಿಗೆ ತೊಡಿಸಿದಳು. ಕೆಳಗಿನ ನಾಲ್ಕು ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಒಲೆಯ ಕಾವಿನಲ್ಲಿ ಅದು ಒಣಗಲು ಸೋಮವಾರದವರೆಗೂ ಹಿಡಿಯಿತು.